ಅಯಾನುಗಳ ಎರಡನೇ ಗುಡ್ಡೆ

ಆ ಮಂಗಳವಾರ ಬೆಳಿಗ್ಗೆ ನಾನೇ ಕೂತು ಒಂದು ಕಾಗದ ಟೈಪ್ ಮಾಡಿದ್ದೆ. ‘ಐದನೇ ಅಧ್ಯಾಯವನ್ನು ಕೈಬಿಡಲಾಗಿದೆ’ ಎಂಬುದು ಅದರ ಮೊದಲ ಸಾಲು. ಮೂರು ವರ್ಷದ ಕೆಲಸ ಆ ಅಧ್ಯಾಯದಲ್ಲಿತ್ತು. ಸಂಜೆ ಐದಕ್ಕೆ ನನ್ನ ಗೈಡ್ ಮೇಡಂ ಅದಕ್ಕೆ ಸಹಿ ಹಾಕಬೇಕಿತ್ತು.

ಇದು 2015ರ ಬೇಸಿಗೆಯ ಮಾತು. ಹೆಬ್ಬಾಳ ದಾಟಿ ಯಲಹಂಕಕ್ಕೆ ಹೋಗುವ ದಾರಿಯಲ್ಲಿದ್ದ ಒಂದು ಸಣ್ಣ ಸಂಶೋಧನಾ ಸಂಸ್ಥೆಯಲ್ಲಿ ನಾನು ಪಿಎಚ್‌ಡಿ ಮಾಡುತ್ತಿದ್ದೆ. ಭೂಮಿಯ ಸುತ್ತ ಅದರ ಕಾಂತಶಕ್ತಿ ಹರಡಿಕೊಂಡಿರುವ ಜಾಗವೇ ಕಾಂತಗೋಳ. ಸೂರ್ಯನ ಕಡೆಯಿಂದ ಬಿರುಗಾಳಿ ಎದ್ದಾಗ ವಿದ್ಯುದಂಶವಿರುವ ಕಣಗಳು, ಎಂದರೆ ಅಯಾನುಗಳು, ಅಲ್ಲಿ ಗುಡ್ಡೆಗಟ್ಟುತ್ತವೆ. ಅವು ಕಣ್ಣಿಗೆ ಕಾಣುವಂಥವಲ್ಲ. ಆದರೆ ಕೆಲವು ಅಯಾನುಗಳು ದಾರಿಯಲ್ಲಿ ಸಿಕ್ಕ ಹೈಡ್ರೋಜನ್‌ನಿಂದ ಒಂದು ಎಲೆಕ್ಟ್ರಾನ್ ಕಸಿದುಕೊಂಡು ವಿದ್ಯುದಂಶ ಕಳೆದುಕೊಳ್ಳುತ್ತವೆ. ಆಮೇಲೆ ಕಾಂತಶಕ್ತಿಯ ಹಿಡಿತ ತಪ್ಪಿ ನೆಟ್ಟಗೆ ಹಾರಿಬಿಡುತ್ತವೆ. ದೂರದಲ್ಲಿರುವ ಉಪಗ್ರಹದ ಕ್ಯಾಮೆರಾ ಅವನ್ನು ಹಿಡಿದು ಚಿತ್ರ ಮಾಡುತ್ತದೆ. ಆ ಚಿತ್ರದಿಂದ ಹಿಂದಕ್ಕೆ ಲೆಕ್ಕ ಹಾಕಿ, ಅಯಾನುಗಳು ಎಲ್ಲೆಲ್ಲಿ ಎಷ್ಟೆಷ್ಟು ಇದ್ದವು ಎಂದು ಹೇಳುವುದು ನನ್ನ ಕೆಲಸ.

ಒಂದು ಬಿರುಗಾಳಿಯ ದಿನದ ಚಿತ್ರದಲ್ಲಿ ನನಗೆ ಎರಡು ಗುಡ್ಡೆ ಕಂಡಿದ್ದವು. ಒಂದು ಎಲ್ಲರೂ ನಿರೀಕ್ಷಿಸುವ ಜಾಗದಲ್ಲಿ, ಇನ್ನೊಂದು ಭೂಮಿಗೆ ಹತ್ತಿರ. ಐದನೇ ಅಧ್ಯಾಯವೆಲ್ಲ ಆ ಎರಡನೆಯದರ ಮೇಲೆ ನಿಂತಿತ್ತು.

ನನ್ನ ಪಕ್ಕದ ಮೇಜಿನವನದು ನೇರ ಅಳತೆಯ ಕೆಲಸ. ಅವನ ಉಪಗ್ರಹ ಗುಡ್ಡೆಯೊಳಗೇ ನುಗ್ಗಿ, ತನಗೆ ಬಡಿದ ಅಯಾನುಗಳನ್ನು ಎಣಿಸುತ್ತ ಹೋಗುತ್ತಿತ್ತು. ಅವನು ಶೆಟ್ಟಿಹಳ್ಳಿಯವನು, ಬಾಯಿ ಜೋರು.

“ಫೋಟೋ ನೋಡಿ ಮದ್ವೆಗೆ ಒಪ್ಕೊಳೋರು ಕಣೇ ನೀವು,” ಎನ್ನುತ್ತಿದ್ದ. “ನಾವು ಮನೆ ಒಳಗೇ ಹೋಗಿ ಕಾಫಿ ಕುಡ್ದು ಬರೋರು.”

“ನೀನು ನೋಡಿದ್ದು ಒಂದು ರೂಮು. ಹೇಳೋದು ಮಾತ್ರ ಇಡೀ ಮನೆ ಕತೆ,” ಎಂದು ನಾನೂ ಬಿಡುತ್ತಿರಲಿಲ್ಲ.

ಅದೇ ಬಿರುಗಾಳಿಯ ದಿನ ಅವನ ಉಪಗ್ರಹ ನನ್ನ ಎರಡನೇ ಗುಡ್ಡೆಯ ಜಾಗವನ್ನು ಹಾದುಹೋಗಿತ್ತು. ಅವನ ಗ್ರಾಫಿನಲ್ಲಿ ಒಂದೇ ಗುಡ್ಡೆ. ಇನ್ನೊಂದು ಇರಬೇಕಾದ ಕಡೆ ಗೆರೆ ಸಲೀಸಾಗಿ ಇಳಿದಿತ್ತು. ಎರಡು ತಿಂಗಳು ಆ ಗ್ರಾಫನ್ನು ಗೋಡೆಗೆ ಅಂಟಿಸಿಕೊಂಡು ನೋಡಿದೆ. ನನ್ನ ಲೆಕ್ಕವನ್ನು ನಾಲ್ಕು ಬಗೆಯಲ್ಲಿ ಮಾಡಿದೆ. ಗುಡ್ಡೆ ಹೋಗಲಿಲ್ಲ. ಒಳಗೆ ಹೋಗಿ ಎಣಿಸಿದವರ ಮುಂದೆ ದೂರದಿಂದ ನೋಡಿದವರ ಮಾತು ನಡೆಯುವುದಿಲ್ಲ ಎಂದು ಕೊನೆಗೆ ಸೋತೆ. ಇಲ್ಲದ ಗುಡ್ಡೆಯನ್ನು ಲೆಕ್ಕ ಹಾಕುವ ವಿಧಾನವೇ ಹುಟ್ಟಿಸಿರಬಹುದು ಎಂದು ಮೇಡಂಗೆ ನಾನೇ ಹೇಳಿದೆ.

ನಮ್ಮ ಲ್ಯಾಬಿನಲ್ಲಿ ಮೇಡಂ ಒಂದು ಪದ್ಧತಿ ಇಟ್ಟಿದ್ದರು. ಯಾವ ಗ್ರಾಫು ಹೊರಗೆ ಹೋಗಬೇಕಾದರೂ ಅದರ ಹಿಂದಿನ ಅಂಕಿಗಳನ್ನು ಒಬ್ಬರು ಜೋರಾಗಿ ಓದಬೇಕು, ಇನ್ನೊಬ್ಬರು ಕೆಂಪು ಪೆನ್ಸಿಲಿನಲ್ಲಿ ಟಿಕ್ ಹಾಕಬೇಕು. ನಾವು ಅದನ್ನು ಪಾರಾಯಣ ಎನ್ನುತ್ತಿದ್ದೆವು. ಇದು ಲ್ಯಾಬಿನೊಳಗಿನ ಹೋಲಿಕೆ ತಾನೇ ಎಂದು ಅವನ ಗ್ರಾಫಿಗೆ ಯಾರೂ ಪಾರಾಯಣ ಮಾಡಿರಲಿಲ್ಲ. ಈಗ ಕಾಗದದ ಜೊತೆ ಅದೂ ಹೋಗಬೇಕಿತ್ತು. ಊಟ ಮುಗಿಸಿ ಒಂದೂವರೆಗೆ ಕೂತೆವು.

ಅಳತೆಯ ಒಂದೊಂದು ನಿಮಿಷಕ್ಕೂ ಒಂದು ಸಾಲು. ಮೊದಲು ಸಮಯ, ಆಮೇಲೆ ಎಣಿಕೆ. ಅವನು ಆಕಳಿಸುತ್ತ ಓದುತ್ತಿದ್ದ. ನನ್ನ ಮುಂದೆ ಬರೀ ಗ್ರಾಫಿನ ಹಾಳೆ. ಹತ್ತು ನಲವತ್ತೊಂದು ಎಂದ, ಹತ್ತು ನಲವತ್ತೆರಡು ಎಂದ, ಆಮೇಲೆ ಹನ್ನೊಂದು ಹದಿಮೂರು ಎಂದ.

ನಾನು ಪೆನ್ಸಿಲ್ ಎತ್ತಿದೆ. “ಇನ್ನೊಂದ್ಸಲ ಓದು.”

ಓದಿದ. ಹನ್ನೊಂದು ಹದಿಮೂರೇ. ಅರ್ಧ ಗಂಟೆ ಇರಲೇ ಇಲ್ಲ. ಹಾಳೆಯ ಮೇಲೆ ನೋಡಿದರೆ ಅದೇ ಅರ್ಧ ಗಂಟೆಯಲ್ಲಿ ಆ ಸಲೀಸು ಗೆರೆ ಇಳಿದಿತ್ತು.

ಕಾರಣ ಅವನಿಗೇ ಮೊದಲು ಹೊಳೆಯಿತು. ಉಪಗ್ರಹ ಭೂಮಿಗೆ ಅಷ್ಟು ಹತ್ತಿರ ಬಂದಾಗ ವೇಗದ ಎಲೆಕ್ಟ್ರಾನ್‌ಗಳು ಉಪಕರಣದೊಳಗೆ ತೂರಿ ಎಣಿಕೆಯನ್ನು ಕೆಡಿಸುತ್ತವೆ. ಕೆಟ್ಟ ಸಾಲುಗಳನ್ನು ಪೂರ್ತಿ ತೆಗೆದುಹಾಕುವ ಪ್ರೋಗ್ರಾಮನ್ನು ನಾವೆಲ್ಲ ವರ್ಷಗಳಿಂದ ಬಳಸುತ್ತಿದ್ದೆವು. ಪ್ರೊಜೆಕ್ಟರಿನಲ್ಲಿ ಚುಕ್ಕಿಗಳು ಕಾಣುವುದಿಲ್ಲವೆಂದು ಮೇಡಂ ದಪ್ಪ ಗೆರೆಯನ್ನೇ ಕೇಳುತ್ತಿದ್ದರು. ಹಾಗಾಗಿ ಕಂಪ್ಯೂಟರು ಈ ಕಡೆಯ ಕೊನೆಯ ಚುಕ್ಕಿಯಿಂದ ಆ ಕಡೆಯ ಮೊದಲ ಚುಕ್ಕಿಗೆ ಗೆರೆ ಎಳೆದಿತ್ತು. ಎರಡು ತಿಂಗಳು ನಾನು ಅಳತೆ ಎಂದು ನಂಬಿದ್ದು ಆ ಗೆರೆಯನ್ನು.

“ಇಂಗಾಗಿದೆ ನೋಡು,” ಎಂದ. ತೀರಾ ಕಸಿವಿಸಿಯಾದಾಗ ಮಾತ್ರ ಅವನ ಬಾಯಲ್ಲಿ ಊರಿನ ಮಾತು ಬರುತ್ತಿತ್ತು. “ನಾನು ಅಲ್ಲಿ ಏನೂ ನೋಡೇ ಇಲ್ಲ ಕಣೇ.”

ಆ ಅರ್ಧ ಗಂಟೆಯಲ್ಲಿ ನಿಜವಾಗಿಯೂ ಏನೂ ಇರದೆ ಹೋಗಬಹುದಿತ್ತು. ಆದರೂ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಅವನ ಬೆನ್ನ ಹಿಂದೆಯೇ ನಿಂತೆ.

ಅವನು ಮೂಲ ಅಂಕಿಗಳನ್ನು ತೆರೆದ. ಉಪಕರಣದಲ್ಲಿ ಅಯಾನು ಒಳಗೆ ಬಾರದಂತೆ ಮುಚ್ಚಿದ ಇನ್ನೊಂದು ಕಿಂಡಿ ಇತ್ತು. ಅಲ್ಲಿ ಸಿಗುವ ಎಣಿಕೆಯೆಲ್ಲ ಎಲೆಕ್ಟ್ರಾನ್‌ಗಳದ್ದು. ಸಾಲುಗಳನ್ನು ತೆಗೆದುಹಾಕುವ ಬದಲು ಆ ಎಣಿಕೆಯನ್ನು ಕಳೆಯುತ್ತ ಬಂದೆವು. ಹತ್ತು ಐವತ್ತರವರೆಗೆ ಏನಿಲ್ಲ. ಐವತ್ತೈದಕ್ಕೆ ಸ್ವಲ್ಪ ಏರಿತು. ಹನ್ನೊಂದು ಗಂಟೆಗೆ ಎರಡರಷ್ಟಾಯಿತು. ಹನ್ನೊಂದು ಎರಡಕ್ಕೆ ಅವನು ಓದುವುದನ್ನು ನಿಲ್ಲಿಸಿ ಪರದೆಯ ಮೇಲೆ ಬೆರಳಿಟ್ಟ. ಈ ಸಲ ಚುಕ್ಕಿಗಳನ್ನಷ್ಟೇ ಹಾಕಿದೆವು. ಒಂದೊಂದಾಗಿ ಹತ್ತಿದವು, ಒಂದೊಂದಾಗಿ ಇಳಿದವು. ಗೆರೆ ಇಲ್ಲದೆಯೂ ಗುಡ್ಡೆ ಗುಡ್ಡೆಯಾಗಿಯೇ ಕಂಡಿತು.

ಮೇಡಂ ಕೋಣೆಗೆ ನಾಲ್ಕು ಮುಕ್ಕಾಲಿಗೆ ಹೋದೆವು. ಗೆರೆಯ ವಿಷಯವನ್ನು ಅವನೇ ಮುಂದಾಗಿ ಹೇಳಿದ, ಏನನ್ನೂ ಮುಚ್ಚಿಡಲಿಲ್ಲ. ಮೇಡಂ ಸ್ಕೇಲ್ ತೆಗೆದು ಎರಡು ಹಾಳೆಗಳನ್ನೂ ಅಳೆದರು. ನನ್ನ ಚಿತ್ರದ ಗುಡ್ಡೆ ಅಗಲ, ತಗ್ಗು. ಅವನದು ಕಿರಿದು, ಎತ್ತರ, ಮತ್ತು ಭೂಮಿಗೆ ಸುಮಾರು ಮೂರು ಸಾವಿರ ಕಿಲೋಮೀಟರ್ ಹೆಚ್ಚು ಹತ್ತಿರ.

“ಗುಡ್ಡೆ ಇದೆ, ಸರಿ,” ಎಂದರು. “ಒಳಗ್ಯಾಕೆ ಸರಿದಿದೆ?”

“ಗೊತ್ತಿಲ್ಲ ಮೇಡಂ,” ಎಂದೆ. ಎಷ್ಟು ಸಂತೋಷದಿಂದ ಹೇಳಿದೆನೆಂದರೆ ಅವನು ತಿರುಗಿ ನನ್ನ ಮುಖ ನೋಡಿದ.

“ಅದನ್ನೇ ಬರೀರಿ. ಚಾಪ್ಟರ್ ಇರ್ಲಿ.”

ನನ್ನ ಕಾಗದವನ್ನು ಸಹಿ ಹಾಕದೆ ನನ್ನ ಕಡೆಗೇ ತಳ್ಳಿದರು. ಅದರ ಹಿಂಬದಿಯಲ್ಲಿ, ಅಲ್ಲೇ ನಿಂತು, ಮೂರು ಸಾವಿರ ಕಿಲೋಮೀಟರ್ ಎಂದು ಬರೆದುಕೊಂಡು ಮುಂದೆ ಒಂದು ಪ್ರಶ್ನೆಯ ಗುರುತು ಹಾಕಿದೆ.