ಎಸಿ ಕ್ಯಾಬಿನ್ನಿನ ಥರ್ಮಾಮೀಟರ್

ದೇವದಾನ ಜತ್ತನ್ನ ಹೇಡಿ. ಅದರಲ್ಲಿ ಎರಡು ಮಾತಿಲ್ಲ. ತನ್ನ ಹೇಡಿತನಕ್ಕೆ ಅವನು ಭಕ್ತಿಯ ಅಂಗಿ ತೊಡಿಸಿದ್ದ, ಅಷ್ಟೇ. ಉಡುಪಿಯಿಂದ ಬಂದು ಹನ್ನೊಂದು ವರ್ಷವಾದರೂ ದೋಹಾದ ಶುಕ್ರವಾರದ ಪ್ರಾರ್ಥನಾಕೂಟದಲ್ಲಿ ಅವನದು ಒಂದೇ ಸಾಕ್ಷಿ: ಅಂತ್ಯಕಾಲ ಬಂತು. ಧೂಳಿನ ಗಾಳಿ, ಭೂಕಂಪ, ಅಂಗಡಿಯಲ್ಲಿ ಈರುಳ್ಳಿ ಸಿಗದಿರುವುದು, ಎಲ್ಲವೂ ಅವನಿಗೆ ಸೂಚನೆಯೇ.

ಹಮದ್ ಬಂದರಿನ ಬಳಿ ಗೋದಾಮು ಕಟ್ಟುವ ಕಂಪನಿಯೊಂದರಲ್ಲಿ ಅವನು ಸೇಫ್ಟಿ ಆಫೀಸರ್. ಸೆಕೆ ಮಿತಿ ಮೀರಿದರೆ ಕೆಲಸ ನಿಲ್ಲಿಸುವುದು ಅವನ ಹೊಣೆ. ಬಿಸಿಲಿಗೆ ಹಾಳಾದೀತೆಂದು ಮ್ಯಾನೇಜರ್ ಥರ್ಮಾಮೀಟರನ್ನು ಎಸಿ ಕ್ಯಾಬಿನ್ನಿನಲ್ಲಿ ತೂಗುಹಾಕಿಸಿದ್ದ. ಜುಲೈ ಇಡೀ ದೇವದಾನ ರಿಜಿಸ್ಟರಿನಲ್ಲಿ ಇಪ್ಪತ್ತೆರಡು ಡಿಗ್ರಿ ಎಂದು ಶ್ರದ್ಧೆಯಿಂದ ಬರೆದ.

“ಲೋಕಾಂತ್ಯ ನನ್ನ ರಜೆಗಿಂತ ಮೊದಲಾ, ಮತ್ತೆಯಾ ಜತ್ತನ್ನರೇ?” ಎಂದು ಗಾರೆ ಮೇಸ್ತ್ರಿ ಬೋಜ ಕೆಣಕುತ್ತಿದ್ದ.

“ನಗಾಡಬೇಡ ಮಾರಾಯ. ಸೂಚನೆ ನೋಡಲಿಕ್ಕೆ ಕಣ್ಣು ಬೇಕು.”

“ನನ್ನ ಕಣ್ಣಿಗೆ ಬೆವರೇ ಇಳಿಯುವುದು.”

ಒಂದು ಬೆಳಿಗ್ಗೆ ಒಂಬತ್ತಕ್ಕೆ ಬೋಜ ಮರಳಿನಲ್ಲಿ ಕುಸಿದು ಕೂತು, ತನ್ನ ಊರು ಯಾವುದೆಂದು ದೇವದಾನನನ್ನೇ ಕೇಳಿದ. ಈ ಸಲ ಅದು ತಮಾಷೆಯಾಗಿರಲಿಲ್ಲ. ದೇವದಾನ ಅವನನ್ನು ಕ್ಯಾಬಿನ್ನಿಗೆ ಸಾಗಿಸಿ, ಮೈಗೆ ನೀರು ಹೊಯ್ದು, ಆಂಬುಲೆನ್ಸಿಗೆ ಫೋನ್ ಮಾಡಿದ. ಆಮೇಲೆ ಥರ್ಮಾಮೀಟರನ್ನು ಕೊಕ್ಕೆಯಿಂದ ಬಿಡಿಸಿದ.

“ನಿನಗೆ ಕೆಲಸ ಬೇಕಾ, ಬೇಡವಾ?” ಎಂದ ಮ್ಯಾನೇಜರ್.

“ಬೇಕು ಸರ್,” ಎಂದ ದೇವದಾನ. ಹೊರಗೆ ಹೋಗಿ ಥರ್ಮಾಮೀಟರನ್ನು ಬಿಸಿಲಿನಲ್ಲಿದ್ದ ಕಂಬಕ್ಕೆ ಕಟ್ಟಿದ. ಅಂಕಿ ಏರುವವರೆಗೂ ಕಾಯದೆ, ಕೆಲಸ ನಿಲ್ಲಿಸುವ ಸೀಟಿ ಊದಿದ.