ಬ್ಲಾಕ್ ಇಲ್ಲವಂತೆ

ನಮ್ಮಕ್ಕ ಹೊಳೆನರಸೀಪುರದ ಒಂದು ಖಾಸಗಿ ಹೈಸ್ಕೂಲಿನ ಹೆಡ್‌ಮಿಸ್ ಆಗಿದ್ದಳು. ಪರೀಕ್ಷೆ ಹತ್ತಿರ ಬಂತೆಂದರೆ ನಸುಕಿಗೇ ಎದ್ದು ಹತ್ತನೇ ಕ್ಲಾಸಿನ ಮಕ್ಕಳ ಮನೆಗೆಲ್ಲ ಫೋನು ಮಾಡುತ್ತಿದ್ದಳು. "ಎದ್ಯೇನೋ? ಮುಖ ತೊಳ್ಕೊಂಡು ಓದ್ಕೋ." ಆ ಶಾಲೆ ನಡೆಸುತ್ತಿದ್ದ ಸಂಸ್ಥೆಗೆ ಹಾಸನ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲೂ ಶಾಲೆಗಳಿದ್ದವು. ಫಲಿತಾಂಶ ಬಂದ ಮೇಲೆ ಹೆಡ್‌ಮಾಸ್ಟರುಗಳನ್ನೆಲ್ಲ ಹಾಸನಕ್ಕೆ ಕರೆಸಿ, ಕಡಿಮೆ ಬಂದವರನ್ನು ಎಲ್ಲರೆದುರು ನಿಲ್ಲಿಸಿ ಕೇಳುವುದು ಅಲ್ಲಿಯ ಪದ್ಧತಿ. ಕೈಯಲ್ಲಿ ಬೆತ್ತ ಒಂದು ಇರಲಿಲ್ಲ, ಅಷ್ಟೇ.

ಆ ವರ್ಷ ಅಕ್ಕನ ಶಾಲೆ ಎಲ್ಲಕ್ಕಿಂತ ಕೆಳಗೆ ಬಂತು. ಸುದ್ದಿ ತಿಳಿದ ಮಧ್ಯಾಹ್ನವೇ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಕುಸಿದಳು. "ಗ್ಯಾಸು ಕಣೇ, ಒಂಚೂರು ಓಂಕಾಳು ಕೊಡು" ಎಂದಳು. ನಿನ್ನ ಓಂಕಾಳಿಗಿಷ್ಟು ಎಂದು ಬೈದು, ಪಕ್ಕದ ಮನೆಯವರ ಕಾರಿನಲ್ಲಿ ಹಾಸನಕ್ಕೆ ಕರೆದುಕೊಂಡು ಓಡಿದೆ.

ಡಾಕ್ಟರು ಆಂಜಿಯೋಗ್ರಾಂ ಮಾಡಿ ಹೊರಬಂದು, "ರಕ್ತನಾಳದಲ್ಲಿ ಎಲ್ಲೂ ಬ್ಲಾಕ್ ಇಲ್ಲಮ್ಮ" ಎಂದರು. ನನಗೆ ಹೋದ ಜೀವ ಬಂದಂತಾಯಿತು. ಅವರ ಮುಖ ಮಾತ್ರ ಸಡಿಲವಾಗಲಿಲ್ಲ. "ಆದ್ರೂ ಹಾರ್ಟ್ ವೀಕಾಗಿದೆ. ಮನಸ್ಸಿಗೆ ಬಿದ್ದ ಏಟು ಹೃದಯಕ್ಕೂ ಬಿದ್ದಿದೆ. ಕೆಲವು ವಾರದಲ್ಲಿ ಸರಿಹೋಗಬಹುದು. ಅಲ್ಲೀವರೆಗೂ ಇಂಥ ಏಟು ಇನ್ನೊಂದು ಬೀಳಬಾರದು."

ಈ ಮಾತು ಯಾರ ಕಿವಿಗೂ ಹೋಗಲಿಲ್ಲ. ಅರಕಲಗೂಡಿನಿಂದ ನೋಡಲು ಬಂದ ಚಿಕ್ಕಪ್ಪ, "ಬ್ಲಾಕೇ ಇಲ್ಲ ಅಂದ್ಮೇಲೆ ಇನ್ನೇನ್ ಕಾಯ್ಲೆ ಕಣವ್ವಾ? ಎದ್ದು ಮುದ್ದೆ ಉಣ್ಣು, ಎಲ್ಲಾ ಸರಿಯೋಯ್ತದೆ" ಎಂದು ನಕ್ಕರು. ಅಕ್ಕನೂ ಬಂದವರಿಗೆಲ್ಲ ಅದನ್ನೇ ಹೇಳಿಕೊಂಡು ನಕ್ಕಳು. ನಮ್ಮ ಕಡೆ ಸ್ಟೆಂಟ್ ಹಾಕಿಸಿಕೊಂಡವನೇ ರೋಗಿ, ಉಳಿದವರೆಲ್ಲ ನಾಟಕದವರು. ನನಗೆ ಮೈಯೆಲ್ಲ ಉರಿಯಿತು.

ಅವಳು ಮನೆಗೆ ಬಂದು ಇನ್ನೂ ವಾರವಾಗಿರಲಿಲ್ಲ, ಸಭೆಗೆ ಬರಹೇಳಿ ಫೋನು ಬಂತು.

"ಹೋಗ್ಬೇಡ ಕಣೇ, ರಜಾ ಹಾಕು" ಎಂದೆ.

"ಏನಂತ ಹಾಕ್ಲಿ? ಬ್ಲಾಕ್ ಇಲ್ಲ ಅಂತ್ಲಾ? ಮುಖ ಮುಚ್ಕೊಳಕ್ಕೆ ಆಸ್ಪತ್ರೆ ಸೇರ್ಕೊಂಡ್ಳು ಅಂತಾರೆ."

ಸೆರಗಿಗೆ ಪಿನ್ನು ಹಾಕುವಷ್ಟರಲ್ಲೇ ಸುಸ್ತಾಗಿ ಮಂಚದ ಮೇಲೆ ಕೂತಳು. ನೋಡಲಾರದೆ ನಾನೂ ಜೊತೆಗೆ ಹೊರಟೆ.

ಸಭೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಒಳಗೆ ಮೈಕಿನಲ್ಲಿ ಹೊಳೆನರಸೀಪುರ ಎಂದು ಕೂಗಿದರು. ಸ್ವಲ್ಪ ಹೊತ್ತಿಗೆ ಕುರ್ಚಿ ಉರುಳಿದ ಸದ್ದು ಕೇಳಿತು. ಯಾರೋ ಓಡಿಬಂದು, "ಮೇಡಂ ಕಡೆಯೋರು ಯಾರ್ರೀ?" ಎಂದರು.

ಎದ್ದು ನಿಂತಿದ್ದಳಂತೆ, ಉತ್ತರ ಹೇಳಲು ಬಾಯಿ ತೆರೆದಿದ್ದಳಂತೆ. ಆಸ್ಪತ್ರೆ ತಲುಪುವ ಮುಂಚೆಯೇ ನಮ್ಮಕ್ಕ ಹೋಗಿಬಿಟ್ಟಳು. ಸಭೆ ಮಧ್ಯಾಹ್ನದ ಊಟದವರೆಗೂ ನಡೆಯಿತಂತೆ.