ಗುಡ್ಡಕ್ಕೆ ಕೊಟ್ಟ ಕಣ್ಣು

ನಮ್ಮ ಕಡೆಯ ಹೊಲಗಳನ್ನೆಲ್ಲ ಕಬ್ಬು ಇನ್ನೂ ನುಂಗಿರಲಿಲ್ಲ, ಆ ಕಾಲದ ಮಾತು ಇದು. ಈಗ ಗೋಕಾಕದಿಂದ ಮೂಡಲಗಿಗೆ ಬಸ್ಸು ಹತ್ತಿದರೆ ಎರಡೂ ಬದಿಗೆ ಕಬ್ಬೇ ಕಬ್ಬು. ಆಗ ಸಂಕ್ರಾಂತಿ ಹತ್ತಿರ ಬಂತೆಂದರೆ ಆಳೆತ್ತರದ ಬಿಳಿಜೋಳ ತೆನೆ ಹೊತ್ತು ನಿಂತಿರುತ್ತಿತ್ತು. ಎಳೆಯ ತೆನೆಯನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬಡಿದು, ಬಿಸಿಬಿಸಿ ಸೀತನಿಯನ್ನು ಬೆಲ್ಲದ ಜೊತೆ, ಶೇಂಗಾ ಚಟ್ನಿಯ ಜೊತೆ ಮುಕ್ಕಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ತಿನ್ನದವರಿಗೆ ಹೇಳಿಯೂ ಉಪಯೋಗವಿಲ್ಲ.

ನಮ್ಮೂರು ಗೋಕಾಕ ಫಾಲ್ಸ್‌ನಿಂದ ಆಚೆ, ಗುಡ್ಡದ ಬುಡದಲ್ಲಿತ್ತು. ನಮ್ಮ ಹೊಲ ಗುಡ್ಡಕ್ಕೇ ಹತ್ತಿಕೊಂಡಿತ್ತು. ಜೋಳ ಹಾಲುಗಾಳು ಕಟ್ಟಿದಾಗಿನಿಂದ ಕೊಯ್ಲಿನ ತನಕ ಹಕ್ಕಿ ಕಾಯುವುದು ನನ್ನ ಕೆಲಸ. ಆ ದಿನಗಳಲ್ಲಿ ಸಾಲಿ ತಪ್ಪಿಸಿದರೆ ಮಾಸ್ತರರೂ ಕೇಳುತ್ತಿರಲಿಲ್ಲ, ಅವರ ಮನೆಗೂ ಸೀತನಿ ಹೋಗುತ್ತಿತ್ತಲ್ಲ! ಹೊಲದ ನಡುವೆ ಕಂಬ ನೆಟ್ಟು ಕಟ್ಟಿದ ಅಟ್ಟದ ಮೇಲೆ ನಾನು, ಬಾಜೂ ಹೊಲದ ಅಟ್ಟದ ಮೇಲೆ ಮೈಮೂನಾ. ಅವಳ ಅಪ್ಪ ಹುಸೇನಸಾಬ ಕಾಕಾ ಊರೂರು ತಿರುಗಿ ಗಾದಿ ತುಂಬುವವರು, ಹೊಲವನ್ನೂ ಮಾಡುತ್ತಿದ್ದರು.

ಇಬ್ಬರ ಕೈಯಲ್ಲೂ ಪುಂಡಿನಾರಿನಲ್ಲಿ ಹೆಣೆದ ಕವಣೆ. ಹೊಲದಲ್ಲಿ ಕಲ್ಲು ಬಿದ್ದರೆ ಕುಂಟೆಗೆ ಅಡ್ಡ ಬರುತ್ತದೆಂದು ಅಪ್ಪ ಎರೆಮಣ್ಣು ಕಲಸಿ, ಉಂಡೆ ಕಟ್ಟಿ, ಬಿಸಿಲಿಗೆ ಒಣಗಿಸಿ ಕೊಡುತ್ತಿದ್ದ. ಗುರಿಯಲ್ಲಿ ನನ್ನ ಸರಿಸಮ ಊರಲ್ಲಿ ಯಾರೂ ಇರಲಿಲ್ಲ. ಜಂಬ ಅನ್ನಿ, ಏನಾದರೂ ಅನ್ನಿ, ಖರೆ ಮಾತು ಅದು. ಹಾರುವ ಗಿಳಿಯನ್ನು ಹೊಡೆದು ಕೆಡವುತ್ತಿದ್ದೆ. ಸತ್ತದ್ದನ್ನು ಗೂಟಕ್ಕೆ ತಲೆಕೆಳಗಾಗಿ ಕಟ್ಟಿಬಿಟ್ಟರೆ ಉಳಿದವು ಆ ಕಡೆ ಸುಳಿಯುತ್ತಿರಲಿಲ್ಲ. ಕರುಣೆ ಬರಲಿಲ್ಲವೇ ಎಂದು ಈಗಿನವರು ಕೇಳುತ್ತಾರೆ. ಬರಲಿಲ್ಲ. ಅವು ತಿನ್ನುತ್ತಿದ್ದದ್ದು ನಮ್ಮ ರೊಟ್ಟಿ.

ಹಕ್ಕಿಗಳು ಮುಂಜಾನೆ ಮುತ್ತುತ್ತವೆ, ಮತ್ತೆ ಹೊತ್ತು ಇಳಿದ ಮೇಲೆ ಮುತ್ತುತ್ತವೆ. ನಡುಮಧ್ಯಾಹ್ನ ಎಲ್ಲೋ ನೆರಳಿಗೆ ಹೋಗಿ ಕೂರುತ್ತವೆ. ಆ ಹೊತ್ತು ನಮ್ಮದು. ಬುತ್ತಿಯ ಗಂಟು ಸೊಂಟಕ್ಕೆ ಕಟ್ಟಿ ಗುಡ್ಡಕ್ಕೆ ಓಡುತ್ತಿದ್ದೆವು. ಮೊದಲು ಬಾರಿಹಣ್ಣಿನ ಮುಳ್ಳುಕಂಟಿ, ಆಮೇಲೆ ಬರೀ ಬಂಡೆ. ನೆತ್ತಿ ದಾಟಿ ಆಚೆ ಇಳಿದರೆ ಊರಿಲ್ಲ, ದಾರಿಯಿಲ್ಲ, ಮನುಷ್ಯರ ದನಿಯಿಲ್ಲ. ಕೆಂಪು ಬಂಡೆಗಳ ನಡುವೆ ಒಂದು ಮಡು. ಅದರ ದಂಡೆಯ ಕೆಸರಿನಲ್ಲಿ ನವಿಲಿನ ಹೆಜ್ಜೆ, ಒಮ್ಮೊಮ್ಮೆ ತೋಳದ ಹೆಜ್ಜೆ. ಹಾಕಿಕೊಂಡ ಬಟ್ಟೆಯಲ್ಲೇ ನೀರಿಗೆ ಹಾರಿ, ಆಮೇಲೆ ಬಿಸಿ ಬಂಡೆಯ ಮೇಲೆ ಬೋರಲು ಮಲಗಿ ಒಣಗಿಸಿಕೊಳ್ಳುತ್ತಿದ್ದೆವು. ಒದ್ದೆ ಬಟ್ಟೆ ತಗುಲಿದ ಕಾದ ಕಲ್ಲಿನಿಂದ ಏಳುವ ವಾಸನೆ ನನಗೆ ಈಗಲೂ ಯಾವ ಅತ್ತರಿಗಿಂತ ಹೆಚ್ಚು.

ಕವಣೆಗೆ ಕೌಜುಗ ಸಿಕ್ಕರೆ ಅಂದು ಹಬ್ಬ. ಊರಲ್ಲಿ ಕುರಿ ಕೋಳಿ ಕೊಯ್ಯಲು ಮುಲ್ಲಾ ಬರಬೇಕು, ಗುಡ್ಡದಲ್ಲಿ ಮೈಮೂನಾಳೇ ಮುಲ್ಲಾ. ಬಿಸ್ಮಿಲ್ಲಾ ಎಂದು ಕುಡುಗೋಲಿನಿಂದ ಕತ್ತು ಕೊಯ್ದು, ಅದು ಪಟಪಟ ಬಡಿದುಕೊಂಡು ತಣ್ಣಗಾಗುವ ತನಕ ಕಾಲಲ್ಲಿ ಮೆಟ್ಟಿ ಹಿಡಿಯುತ್ತಿದ್ದಳು. ಪುಕ್ಕ ಕಿತ್ತು, ಉಪ್ಪು ಖಾರ ಹಚ್ಚಿ, ಕಟ್ಟಿಗೆಗೆ ಸಿಕ್ಕಿಸಿ ಸುಟ್ಟು ತಿನ್ನುತ್ತಿದ್ದೆವು. ಅರ್ಧ ಹಸಿ, ಅರ್ಧ ಕರಕಲು. ಅಹಾ, ಏನು ರುಚಿ!

ಈ ಸುಖ ಎಷ್ಟು ದಿನದ್ದು ಎಂಬುದು ನನಗೆ ಗೊತ್ತಿತ್ತು. ನಮ್ಮ ಅಕ್ಕ ಒಮ್ಮೆ ಗುಡ್ಡದಲ್ಲಿ ಜಾರಿ ಗದ್ದ ಒಡೆದುಕೊಂಡು ಬಂದಿದ್ದಳು. ಅಷ್ಟೇ ನೆಪ ಸಾಕಾಯಿತು, ಅವಳನ್ನು ಒಲೆಯ ಮುಂದೆ ಕೂರಿಸಿದರು. ಮತ್ತೆ ಅವಳು ಹೊರಬಿದ್ದದ್ದು ಮದುವೆಯಾಗಿ ಹುಕ್ಕೇರಿಗೆ ಹೋಗುವಾಗ. ನನಗೆ ಹನ್ನೊಂದು ತುಂಬಿತ್ತು. ಅವ್ವ ದಿನಾ ಬುತ್ತಿ ಕಟ್ಟುವಾಗ ಹೇಳುತ್ತಿದ್ದಳು.

“ನಿನಗೂ ಅಷ್ಟ ನೋಡವ್ವ. ಗುಡ್ಡದಾಗ ಒಂದ ಗೀರು ಮಾಡ್ಕೊಂಡ ಬಾ, ನಾಳಿಂದ ಹೊಸ್ತಿಲಾ ದಾಟಸೂದಿಲ್ಲ.”

ಹಾಗಾಗಿ ಮುಳ್ಳು ನೆಟ್ಟರೂ, ಮೊಣಕಾಲು ಕಿತ್ತರೂ ಬಾಯಿ ಬಿಡುತ್ತಿರಲಿಲ್ಲ. ಕುಂಟದೆ ನಡೆಯುವುದನ್ನು ಕಲಿತಿದ್ದೆ.

ಆ ವರ್ಷ ಮಡುವಿಗೆ ಬಸ್ಯಾ ಬಂದ. ಗುಡ್ಡದ ಆಚೆ ಎಲ್ಲೋ ದೂರದ ಊರಿನವನು, ಆಡು ಕಾಯುವವನು, ನಮಗಿಂತ ಒಂದೆರಡು ವರ್ಷ ದೊಡ್ಡವನು. ಅವನ ಜೊತೆ ಇನ್ನಷ್ಟು ಹುಡುಗರು. ಬಂದವನೇ ಬಂಡೆಯ ಮೇಲೆ ನಿಂತು ಕೂಗಿದ.

“ಹೆಣ್ಣಹುಡುಗ್ಯಾರಿಗೆ ಇಲ್ಲೇನ ಕೆಲಸ? ಮನಿಗೆ ಹೋಗಿ ಕಸಾ ಹೊಡೀರಿ, ಹೋಗ್ರಿ!”

“ನಿಮ್ಮಪ್ಪ ತೋಡಿದ ಮಡು ಏನೋ ಇದು, ಭಾಡ್ಯಾ?” ಎಂದಳು ಮೈಮೂನಾ.

ಅಲ್ಲಿಂದ ಶುರುವಾಯಿತು ಕಾಳಗ. ದಿನಾ ಮಧ್ಯಾಹ್ನ ಅವರು ಆ ಬಂಡೆಯ ಮರೆಗೆ, ನಾವು ಈ ಬಂಡೆಯ ಮರೆಗೆ. ಅವರ ಬಳಿಯೂ ಕವಣೆ, ನಮ್ಮ ಬಳಿಯೂ ಕವಣೆ. ಮಣ್ಣಿನ ಉಂಡೆ ಬೆನ್ನಿಗೆ ಬಡಿದು ಪುಡಿಯಾದರೆ ಬಾಸುಂಡೆ ಏಳುತ್ತಿತ್ತು. ಒಬ್ಬನ ಮುಂಗೈ ಊದಿಸಿದೆ, ಇನ್ನೊಬ್ಬನ ಹಲ್ಲು ಅಲುಗಾಡಿಸಿದೆ. ನನ್ನ ಬೆನ್ನೂ ನೀಲಿಗಟ್ಟಿತ್ತು, ಸ್ನಾನಕ್ಕೆ ಅವ್ವ ಬೆನ್ನುಜ್ಜಲು ಬಂದರೆ ಬೇಡವೆಂದು ಅರಚುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಆ ಹೊಡೆದಾಟ ನನಗೆ ಸೀತನಿಗಿಂತ ರುಚಿಸುತ್ತಿತ್ತು. ಆದರೆ ಕಲ್ಲನ್ನು ಮಾತ್ರ ಯಾರೂ ಕವಣೆಗೆ ಹಾಕಿರಲಿಲ್ಲ. ಹಾಕಬಾರದೆಂದು ಯಾರೂ ಹೇಳಿರಲೂ ಇಲ್ಲ.

ಒಂದು ದಿನ ನಾವು ಮಡುವಿನಿಂದ ಮೇಲೆದ್ದು ನೋಡಿದರೆ ಬಸ್ಯಾ ಒಬ್ಬನೇ ನಮ್ಮ ಬುತ್ತಿ ಬಿಚ್ಚಿ ಕೂತಿದ್ದಾನೆ. ಅವ್ವ ಬಡಿದ ರೊಟ್ಟಿಯನ್ನು ಮುರಿದು ಮುರಿದು ಆಡುಗಳಿಗೆ ಹಾಕುತ್ತಿದ್ದಾನೆ. ಚಟ್ನಿಯನ್ನು ಮಣ್ಣಿಗೆ ಸುರಿದು ಕಾಲಲ್ಲಿ ಹೊಸಕಿದ್ದಾನೆ.

ನನ್ನ ಕಣ್ಣಿಗೆ ಕತ್ತಲೆ ಬಂತು. ಒದ್ದೆ ಬಟ್ಟೆಯಲ್ಲೇ ಓಡಿ ಅವನ ಮೇಲೆ ಬಿದ್ದೆ. ಇಬ್ಬರೂ ಮುಳ್ಳಿನಲ್ಲಿ ಹೊರಳಾಡಿದೆವು. ಅವನು ನನ್ನ ಜಡೆ ಹಿಡಿದು ತಲೆಯನ್ನು ನೆಲಕ್ಕೆ ಕುಟ್ಟಿದ. ನಾನು ಅವನ ಕಿವಿಗೆ ಬಾಯಿ ಹಾಕಿದೆ. ಬಿಡಲಿಲ್ಲ. ಬಾಯಿಗೆ ಉಪ್ಪುಪ್ಪು ರಕ್ತ ಬಂದರೂ ಬಿಡಲಿಲ್ಲ. ಮೈಮೂನಾ ಅವನದೇ ಕೋಲು ಕಸಿದು ಅವನ ಕಾಲಿಗೆ ಬಾರಿಸುತ್ತಿದ್ದಳು. ಕೊನೆಗೆ ಅವನು ನನ್ನ ಹೊಟ್ಟೆಗೆ ಒದ್ದು ಬಿಡಿಸಿಕೊಂಡು ಬಂಡೆ ಹತ್ತಿ ಓಡಿದ.

“ಕಿವಿ ಹರದ್ಲು! ನನ್ನ ಕಿವಿ ಹರದ್ಲು!” ಎಂದು ಮೇಲಿನಿಂದ ಅಳುತ್ತ ಕೂಗಿದ.

ನಾನು ರಕ್ತ ಉಗುಳಿ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನ ಬಳಿ ಮಣ್ಣಿನ ಉಂಡೆ ಇರಲಿಲ್ಲ, ಕೈಗೆ ಸಿಕ್ಕದ್ದನ್ನು ಕವಣೆಗೆ ಹಾಕಿ ಬೀಸಿದ. ಕಲ್ಲು ಬಂದು ನನ್ನ ಎಡಗಣ್ಣಿಗೆ ಬಡಿಯಿತು.

ನೋವೆಂದು ಮೊದಲು ಗೊತ್ತಾಗಲಿಲ್ಲ. ಒಂದು ದೊಡ್ಡ ಬೆಳಕು, ಆಮೇಲೆ ಮೊಣಕಾಲೂರಿ ಬಿದ್ದಿದ್ದೆ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಬಸ್ಯಾ ಆಡುಗಳನ್ನೂ ಬಿಟ್ಟು ಓಡಿಹೋಗಿದ್ದ. ಮೈಮೂನಾ ತನ್ನ ಓಢಣಿ ನೆನೆಸಿ ಒರೆಸಿದಳು.

“ನಡಿ ಕಸ್ತೂರಿ, ನಿಮ್ಮಪ್ಪಗ ಹೇಳೂಣು. ಕಣ್ಣ ಕೆಂಪ ಗಡ್ಡಿ ಆಗೇತಿ.”

“ಹೇಳಿದ್ರ ಗುಡ್ಡಾ ಹೋತು. ನನಗೂ ಹೋತು, ನಿನಗೂ ಹೋತು. ಆಣಿ ಮಾಡು, ಯಾರ ಮುಂದೂ ಹೇಳೂದಿಲ್ಲ ಅಂತ.”

ಅವಳು ಅಳುತ್ತಲೇ ಪೀರಲ ದೇವರ ಆಣೆ ಮಾಡಿದಳು.

ಮನೆಯಲ್ಲಿ ಹೇಳಿದೆ, ಜೋಳದ ರವದಿ ಬಡಿಯಿತು ಎಂದು. ಒಣಗಿದ ಜೋಳದೆಲೆಯ ಅಂಚು ಕೂಡ ಕಣ್ಣು ಗೀರುತ್ತದೆ, ನಮ್ಮಲ್ಲಿ ಅದು ಹೊಸದೇನಲ್ಲ. ಅದಕ್ಕೆ ಔಷಧಿಯೂ ಎಲ್ಲರಿಗೆ ಗೊತ್ತು: ಎದೆಹಾಲು. ಅವ್ವ ನನ್ನನ್ನು ಮೈಮೂನಾಳ ಮನೆಗೇ ಎಳೆದೊಯ್ದಳು. ಅವಳ ಅಣ್ಣನ ಹೆಂಡತಿ ಬಾಣಂತಿ.

“ಶಮಾ, ಒಂದೀಟ ಎದಿಹಾಲ ಬಿಡವ್ವ ಇಕಿ ಕಣ್ಣಾಗ. ರವದಿ ಬಡದೈತಿ.”

ಶಮಾ ಭಾಬಿ ಕೂಸನ್ನು ಕೆಳಗಿಟ್ಟು, ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. “ಕಣ್ಣ ತಗಿ ನಮ್ಮವ್ವ, ಅಂಜಬ್ಯಾಡ. ತಂಪ ಆಕ್ಕೈತಿ,” ಎಂದಳು. ಹಾಲು ಬೆಚ್ಚಗೆ ಬಿತ್ತು. ಗೋಡೆಗೆ ಆತು ನಿಂತಿದ್ದ ಮೈಮೂನಾ ಆಣೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಮುಂಜಾನೆ, ಸಂಜೆ ಆ ತಾಯಿ ತನ್ನ ಕೂಸಿನ ಹಾಲು ನನ್ನ ಕಣ್ಣಿಗೆ ಹಾಕಿದಳು. ರವದಿಯ ಗೀರಾಗಿದ್ದರೆ ಮಾಯುತ್ತಿತ್ತೋ ಏನೋ. ಇದು ಕಲ್ಲು. ಒಳಗೆ ಕೀವು ತುಂಬಿ ಮುಖವೇ ಬಾತುಕೊಂಡು, ಜ್ವರ ಏರಿ, ನಾನು ಬಡಬಡಿಸತೊಡಗಿದ ಮೇಲೆ ಅಪ್ಪ ಹೆಗಲ ಮೇಲೆ ಹೊತ್ತು ಗೋಕಾಕದ ದವಾಖಾನೆಗೆ ಓಡಿದ.

ಡಾಕ್ಟರು ಬ್ಯಾಟರಿ ಬಿಟ್ಟು ನೋಡಿದರು. “ಎಲಿ ಬಡದ್ರ ಹಿಂಗ ಆಗೂದಿಲ್ರಿ ಯಜಮಾನ್ರ. ಇದು ಕಲ್ಲಿನ ಪೆಟ್ಟು. ಅವತ್ತ ಕರಕೊಂಡ ಬಂದಿದ್ರ ನೋಡಬಹುದಿತ್ತು. ಈಗ ಈ ಕಣ್ಣ ಹೋತ್ರಿ.”

ಅಪ್ಪ ನನ್ನನ್ನು ವರಾಂಡಕ್ಕೆ ಕರೆತಂದ.

“ಯಾವಾಂವ ಹೊಡದ ಹೇಳು. ಅವನ ಮನಿತನಾನ ಕಡದ ಒಗೀತೇನಿ.”

ಅಪ್ಪ ಬಾಯಿಮಾತಿಗೆ ಹಾಗನ್ನುವವನಲ್ಲ. ಹಿಂದೆ ಬದುವಿನ ಜಗಳದಲ್ಲಿ ಕೊಡಲಿ ಎತ್ತಿದ್ದನ್ನು ನಾನೇ ನೋಡಿದ್ದೆ.

“ಯಾರೂ ಹೊಡದಿಲ್ಲ. ಅಟ್ಟದ ಮ್ಯಾಲ ನಿಂತು ಬೀಸಾಕ ಹೋಗಿದ್ನಿ, ನನ್ನ ಕವಣಿ ಕಲ್ಲ ನನಗ ಬಡೀತು.”

ಕಪಾಳಕ್ಕೆ ಎಂಥ ಏಟು ಬಿತ್ತೆಂದರೆ ಕಟ್ಟಿದ್ದ ಪಟ್ಟಿ ಬಿಚ್ಚಿಹೋಯಿತು. ಮತ್ತೆ ಕೇಳಿದ, ಮತ್ತೆ ಅದನ್ನೇ ಹೇಳಿದೆ, ಮತ್ತೆ ಹೊಡೆದ. ನರ್ಸಬಾಯಿ ಓಡಿಬಂದು ನಡುವೆ ನಿಂತಳು. ಆಗ ಅಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತು ಹಣೆ ಹಣೆ ಬಡಿದುಕೊಂಡು ಅತ್ತ. ಮನೆಗೆ ಬಂದವನೇ ನನ್ನ ಕವಣೆಯನ್ನು ಒಲೆಗೆ ಹಾಕಿದ. ಆದರೆ ಗುಡ್ಡದ ಹೆಸರನ್ನು ಯಾರೂ ಎತ್ತಲಿಲ್ಲ.

ಮರುವರ್ಷ ಮತ್ತೆ ಜೋಳ ಹಾಲುಗಾಳು ಕಟ್ಟಿತು. ಹಕ್ಕಿ ಕಾಯಲು ಮನೆಯಲ್ಲಿ ಬೇರೆ ಯಾರಿದ್ದರು? ಹೊಸ ಕವಣೆ ಹೆಣೆದುಕೊಂಡೆ, ಮೊದಲನೆಯ ಮಧ್ಯಾಹ್ನವೇ ಮೈಮೂನಾಳ ಕೈ ಹಿಡಿದು ಗುಡ್ಡ ಹತ್ತಿದೆ. ಮಡುವಿನ ಬಳಿ ಬಸ್ಯಾ ಆಡಿಗೆ ನೀರು ಕುಡಿಸುತ್ತಿದ್ದ. ಅವನ ಕಿವಿಯ ತುದಿ ಇರಲಿಲ್ಲ. ನನ್ನ ಮುಖ ನೋಡಿದವನೇ ಕೋಲು ಬಿಟ್ಟು ನಿಂತ.

“ನನ್ನ ಹೆಸರ ಯಾಕ ಹೇಳಲಿಲ್ಲ?”

“ನಿನ್ನ ಸಲುವಾಗಿ ಅಲ್ಲಲೇ. ಗುಡ್ಡದ ಸಲುವಾಗಿ.”

ಅವನು ಹೋಗಿ ಎದುರಿನ ಬಂಡೆಗೆ ಬೆನ್ನು ಕೊಟ್ಟು ನಿಂತ. “ಹೊಡಿ. ನಂದೂ ಒಂದ ಕಣ್ಣ ತೊಗೊ,” ಎಂದ.

ಮೈಮೂನಾ ಬೇಡವೆಂದು ನನ್ನ ರಟ್ಟೆ ಹಿಡಿದಳು. ಕೊಡವಿ ಬಿಟ್ಟೆ. ಕಲ್ಲನ್ನೇ ಆರಿಸಿದೆ. ಬೀಸಿದೆ. ಕಲ್ಲು ಅವನಿಂದ ಮಾರು ದೂರ ಹೋಗಿ ಬಡಿಯಿತು. ಇನ್ನೊಂದು. ಅದೂ ಹಾಗೆಯೇ. ಒಂದೇ ಕಣ್ಣಿಗೆ ಅವನು ಎಷ್ಟು ದೂರ ನಿಂತಿದ್ದಾನೆ ಎಂಬುದೇ ತಿಳಿಯುತ್ತಿರಲಿಲ್ಲ. ಹಾರುವ ಗಿಳಿಯನ್ನು ಕೆಡವಿದ ಕೈ ಅದು! ಕಣ್ಣು ಹೋಯಿತೆಂದಾಗ ಅಳದವಳು ಅಂದು ಕವಣೆ ಎಸೆದು, ನೆಲಕ್ಕೆ ಬಿದ್ದು, ಬಾಯಿ ಬಡಿದುಕೊಂಡು ಅತ್ತೆ.

“ಬಲಕ್ಕ ಬೀಳಾಕತ್ತಾವು,” ಎಂದ ಬಸ್ಯಾ, ಅಲುಗಾಡದೆ. “ಒಂದೀಟ ಎಡಕ್ಕ ಹಿಡಿ.”

ಎಂಥ ಹುಚ್ಚನಪ್ಪ ಇವನು! ಸಿಟ್ಟು ನೆತ್ತಿಗೇರಿತು. ಎದ್ದು, ಒಂದಿಷ್ಟು ಎಡಕ್ಕೆ ಹಿಡಿದು ಬೀಸಿದೆ. ಕಲ್ಲು ಅವನ ಹೆಗಲಿನ ಎಲುಬಿಗೆ ಬಡಿದು ಅವನು ಸುರುಳಿಯಾಗಿ ಬಿದ್ದ. ಒದ್ದಾಡುತ್ತಲೇ, “ಬಡೀತು ನೋಡು, ಬಡೀತು,” ಎಂದ. ಮೈಮೂನಾ ನಮ್ಮಿಬ್ಬರನ್ನೂ ಬಾಯಿಗೆ ಬಂದಂತೆ ಬೈಯುತ್ತ ಬುತ್ತಿ ಬಿಚ್ಚಿದಳು. ಅಂದು ರೊಟ್ಟಿಯನ್ನು ಮೂವರೂ ತಿಂದೆವು. ಮತ್ತೆ ಎರಡು ಸೀತನಿ ಕಾಲ ಆ ಮಡು ನನ್ನದಾಗಿತ್ತು, ಆಮೇಲೆ ನಾನೂ ಒಲೆಯ ಮುಂದೆ ಕೂತೆ.

ಆಮೇಲೆ ಮದುವೆಯಾಗಿ ಮೂಡಲಗಿಗೆ ಬಂದೆ. ಈಗ ಅದು ತಾಲೂಕಾ ಊರು. ಜೋಳವನ್ನು ಅಂಗಡಿಯಿಂದ ತರುತ್ತೇವೆ. ನಮ್ಮ ಹೊಲದಲ್ಲಿ ಕಬ್ಬಿದೆ, ಕಬ್ಬಿಗೆ ಹಕ್ಕಿ ಕಾಯಬೇಕಿಲ್ಲ. ಗುಡ್ಡದ ಆಚೆಯ ಮೈಯನ್ನು ಜಲ್ಲಿಗೆಂದು ಒಡೆದು ಒಯ್ದಿದ್ದಾರೆ. ಹೋದ ವರ್ಷ ಹೋಗಿ ನೋಡಿದೆ, ಮಡು ಎಲ್ಲಿತ್ತೆಂದು ಬೆರಳು ಮಾಡಿ ತೋರಿಸಲೂ ಆಗಲಿಲ್ಲ. ಕಣ್ಣು ಹೋದದ್ದಕ್ಕೆ ಮರುಗುವವರು ಬಹಳ ಮಂದಿ ಇದ್ದಾರೆ. ನಾನು ಅದಕ್ಕೆ ಒಂದು ದಿನವೂ ಮರುಗಿಲ್ಲ. ಮತ್ತೆ ಅದೇ ಮಧ್ಯಾಹ್ನ ಬಂದರೆ ಅದೇ ಸುಳ್ಳನ್ನೇ ಹೇಳುತ್ತೇನೆ.

ಮೊನ್ನೆ ಮಗಳು ಬಂದು ನಿಂತಳು. ಅವಳಿಗೂ ಹನ್ನೊಂದು.

“ಅವ್ವಾ, ಗೆಳತ್ಯಾರೆಲ್ಲ ಸೈಕಲ್ ಮ್ಯಾಲ ಕೆನಾಲ ತನಕ ಹೊಂಟಾರ. ನಾನೂ...”

“ಬ್ಯಾಡ,” ಎಂದೆ. ಅವಳ ಮಾತು ಮುಗಿದಿರಲೂ ಇಲ್ಲ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು, ಕಾಲ ಬೇರೆ ಕೆಟ್ಟದ್ದು, ನನಗೆ ಇರುವವಳು ಒಬ್ಬಳೇ. ಇವೆಲ್ಲವನ್ನೂ ಹೇಳಲು ಬಾಯಿ ತೆರೆದೆ.

ಅವಳು ಕಾಯಲಿಲ್ಲ. ಜಗಳವಾಡಲಿಲ್ಲ, ಹಿತ್ತಿಲ ಬಾಗಿಲಿನಿಂದ ಓಡಿಹೋಗಲಿಲ್ಲ, ಓದಲು ಗೆಳತಿಯ ಮನೆಗೆ ಹೊರಟೆನೆಂದು ಒಂದು ಸುಳ್ಳನ್ನೂ ಹೇಳಲಿಲ್ಲ. “ಹೂಂ,” ಎಂದು ಒಳಗೆ ಹೋಗಿ ಟೀವಿ ಹಚ್ಚಿದಳು.